ಬೆಂಕಿ ಹೊರಗೆ, ಬಿಸಿ ಒಳಗೆ

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಕ್ಯಾಲಿಫೋರ್ನಿಯಾ ಗಡಿಗೆ ಹತ್ತಿರ, ಮರುಭೂಮಿಯ ನಡುವೆ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿದೆ. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಎರಡೂವರೆ ಸಾವಿರವನ್ನೂ ಮುಟ್ಟಲಿಲ್ಲ. ಬೇಸಿಗೆಯ ಬಿಸಿಲಿಗೆ ಊರು ಬಿಕೋ ಎನ್ನುತ್ತದೆ. ಚಳಿಗಾಲ ಬಂತೆಂದರೆ ಸುತ್ತಲಿನ ಬಯಲೆಲ್ಲ ವಾಹನಗಳಿಂದ ತುಂಬಿಹೋಗುತ್ತದೆ. ಕೆನಡಾದಿಂದ, ಉತ್ತರದ ಹಿಮ ಬೀಳುವ ರಾಜ್ಯಗಳಿಂದ ಬಿಸಿಲು ಹುಡುಕಿಕೊಂಡು ಜನ ಇಲ್ಲಿಗೆ ಬರುತ್ತಾರೆ. ಇಲ್ಲಿನ ಬಹುಪಾಲು ನೆಲ ಅಮೆರಿಕದ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಸಂಸ್ಥೆಯದು. ಊರ ದಕ್ಷಿಣಕ್ಕಿರುವ ಲಾ ಪೋಸಾ ಬಯಲಿನಲ್ಲಿ ಪರವಾನಗಿ ಪಡೆದವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಬೀಡುಬಿಡಬಹುದು. ಸಂಸ್ಥೆಯ ಉಳಿದ ಬಯಲುಗಳಲ್ಲಿ ಸಾಮಾನ್ಯವಾಗಿ ಒಂದು ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ.

ಹೀಗೆ ಬರುವವರಲ್ಲಿ ಅನೇಕರ ಮನೆ ಎಂದರೆ ಒಂದು ಪಿಕಪ್ ಟ್ರಕ್ಕು, ಅದರ ಬೆನ್ನ ಮೇಲೊಂದು ಪೆಟ್ಟಿಗೆ. ಅದನ್ನು ಕ್ಯಾಂಪರ್ ಎನ್ನುತ್ತಾರೆ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಒಂದು ಒಲೆ, ನೀರಿನ ಟ್ಯಾಂಕು, ಕೆಳಗೆಲ್ಲೋ ಒಂದು ಬ್ಯಾಟರಿ. ಒಟ್ಟು ಗಾಳಿಯ ಜಾಗ ಆರೇಳು ಘನ ಮೀಟರ್. ಜನವರಿಯ ಮಧ್ಯಾಹ್ನ ಹೊರಗೆ 20 ಡಿಗ್ರಿಯ ಹಿತವಾದ ಬಿಸಿಲು. ನಸುಕಿಗೆ 5 ಡಿಗ್ರಿ, ಕೆಲವು ರಾತ್ರಿ ಸೊನ್ನೆ. ಮೊಹಾವಿ ಮರುಭೂಮಿಯ ಎತ್ತರದ ಬಯಲುಗಳಿಗೆ ಅಥವಾ ನೆವಾಡಾ ಕಡೆಗೆ ಹೋದರೆ ಸೊನ್ನೆಗಿಂತ ಎಷ್ಟೋ ಕೆಳಗೆ. ಇಷ್ಟು ಚಿಕ್ಕ ಪೆಟ್ಟಿಗೆಯನ್ನು ಬೆಚ್ಚಗಿಡಲು ಒಂದಿಷ್ಟು ಬೆಂಕಿ ಸಾಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಬೆಂಕಿ ಸಾಕು ಎಂಬುದು ನಿಜ. ಆದರೆ ಅದನ್ನು ಎಲ್ಲಿ ಹೊತ್ತಿಸುತ್ತೇವೆ, ಅದು ಯಾರ ಗಾಳಿಯನ್ನು ಉಣ್ಣುತ್ತದೆ ಎಂಬುದರ ಮೇಲೆ ಒಳಗೆ ಮಲಗಿದವರ ಸುಖ ಮಾತ್ರವಲ್ಲ, ಜೀವವೂ ನಿಂತಿದೆ. ಆ ಲೆಕ್ಕವನ್ನು ಅಚ್ಚುಕಟ್ಟಾಗಿ ಬಿಡಿಸಿದ ಒಂದು ಪುಟ್ಟ ಯಂತ್ರವಿದೆ. ಅದನ್ನು ಅರಿಯಬೇಕಾದರೆ ಮೊದಲು ಮರುಭೂಮಿಯ ರಾತ್ರಿಯನ್ನು ಅರಿಯಬೇಕು.

ಆಕಾಶಕ್ಕೆ ಸೋರುವ ಶಾಖ

ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಮೇಲಕ್ಕೆ ಚೆಲ್ಲುತ್ತದೆ. ಇದು ಎಲ್ಲ ಕಡೆಯೂ ನಡೆಯುವ ಕ್ರಿಯೆ. ನಮ್ಮ ಕರಾವಳಿಯಲ್ಲಿ ಗಾಳಿ ತುಂಬ ನೀರಾವಿ, ಮೇಲೆ ಮೋಡ. ಅವು ಆ ಕಿರಣಗಳನ್ನು ಹೀರಿ ಬಹಳಷ್ಟನ್ನು ಮತ್ತೆ ನೆಲಕ್ಕೆ ಕಳಿಸುತ್ತವೆ. ಹಾಗಾಗಿ ಮಂಗಳೂರಿನ ರಾತ್ರಿ ಹಗಲಿಗಿಂತ ಹೆಚ್ಚೇನೂ ತಣ್ಣಗಾಗದು. ಮರುಭೂಮಿಯ ಗಾಳಿಯಲ್ಲಿ ನೀರಾವಿ ತೀರ ಕಡಿಮೆ, ಮೋಡವಂತೂ ಅಪರೂಪ. 8ರಿಂದ 13 ಮೈಕ್ರಾನ್ ಅಲೆಯುದ್ದದ ಕಿರಣಗಳಿಗೆ ಅಲ್ಲಿನ ಆಕಾಶ ತೆರೆದ ಬಾಗಿಲು. ನೆಲದ ಶಾಖ ಆ ಬಾಗಿಲಿನಿಂದ ನೇರ ಅಂತರಿಕ್ಷಕ್ಕೆ ಹೋಗುತ್ತದೆ. ಒಣ ಮರಳಿನ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಆಳದಲ್ಲಿ ಉಳಿದ ಬಿಸಿ ಬೇಗ ಮೇಲೆ ಬರಲಾರದು. ಮೇಲ್ಮೈ ಮಾತ್ರ ಸರಸರನೆ ತಣ್ಣಗಾಗುತ್ತದೆ. ಗಾಳಿ ಬೀಸದ ನಿಶ್ಚಲ ರಾತ್ರಿಯಲ್ಲಿ ಚಳಿ ಇನ್ನೂ ಹೆಚ್ಚು, ಏಕೆಂದರೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರೊಂದಿಗೆ ಬೆರೆಯುವುದಿಲ್ಲ.

ಶಾಖ ಆಕಾಶಕ್ಕೆ ಸೋರುವ ಈ ಕ್ರಿಯೆಯನ್ನು ನಮ್ಮ ದೇಶದ ಜನ ಬಹಳ ಹಿಂದೆಯೇ ಬಳಸಿಕೊಂಡಿದ್ದರು. ಅಲಹಾಬಾದಿನಲ್ಲಿ ಮಂಜುಗಡ್ಡೆ ಮಾಡುತ್ತಿದ್ದ ಬಗೆಯನ್ನು ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ್ದಾನೆ. ಬಯಲಿನಲ್ಲಿ ಅಗಲವಾದ ಗುಂಡಿ ತೋಡಿ, ಒಣಗಿದ ಕಬ್ಬಿನ ಅಥವಾ ಜೋಳದ ದಂಟು ಹಾಸಿ, ಅದರ ಮೇಲೆ ತೆಳುವಾದ ಮಣ್ಣಿನ ತಟ್ಟೆಗಳಲ್ಲಿ ಸಂಜೆ ನೀರು ತುಂಬಿಡುತ್ತಿದ್ದರು. ಸೂರ್ಯ ಮೂಡುವ ಮುನ್ನ ಅದರಲ್ಲಿ ಮಂಜುಗಡ್ಡೆ ಕಟ್ಟಿರುತ್ತಿತ್ತು. ದಂಟಿನ ಹಾಸು ನೆಲದ ಬಿಸಿಯನ್ನು ತಡೆಯುತ್ತಿತ್ತು. ತಟ್ಟೆಯ ಮೈಯಿಂದ ಬಿಸಿ ತಿಳಿ ಆಕಾಶಕ್ಕೆ ಸೋರುತ್ತಿತ್ತು, ಒಂದಿಷ್ಟು ನೀರು ಆವಿಯಾಗಿ ಮತ್ತಷ್ಟು ತಂಪೆರೆಯುತ್ತಿತ್ತು. ಹಾಗಾಗಿ ಸುತ್ತಲ ಗಾಳಿ ಸೊನ್ನೆಗೆ ಇಳಿಯದಿದ್ದರೂ ನೀರು ಹೆಪ್ಪುಗಟ್ಟುತ್ತಿತ್ತು.

ಅರಿಜೋನಾದ ಬಯಲಿನಲ್ಲಿ ನಿಂತ ಟ್ರಕ್ಕಿನ ಚಾವಣಿಗೂ ರಾತ್ರಿ ಇದೇ ಗತಿ. ನೆಲದಿಂದ ದೂರ, ಆಕಾಶಕ್ಕೆ ಮುಖ ಮಾಡಿದ ತೆಳುವಾದ ತಗಡು ಅದು. ಗಾಳಿ ಇನ್ನೂ ಎರಡು ಮೂರು ಡಿಗ್ರಿಯಲ್ಲಿರುವಾಗಲೇ ಅದರ ಮೇಲೆ ಬಿಳಿಯ ಹಿಮದ ಪುಡಿ ಕೂರುವುದುಂಟು.

ಪೆಟ್ಟಿಗೆಯ ಲೆಕ್ಕ

ಒಂದು ಸ್ಥೂಲ ಲೆಕ್ಕ ಹಾಕೋಣ. ಕ್ಯಾಂಪರಿನ ಗೋಡೆ, ಚಾವಣಿ, ನೆಲ ಸೇರಿ ಮೈ ವಿಸ್ತೀರ್ಣ ಸುಮಾರು 25 ಚದರ ಮೀಟರ್. ಒಳಗೆ 18 ಡಿಗ್ರಿ, ಹೊರಗೆ ಸೊನ್ನೆ. ಗೋಡೆ ಬರಿಯ ಅಲ್ಯುಮಿನಿಯಂ ತಗಡಾದರೆ ಎರಡೂವರೆ ಕಿಲೋವ್ಯಾಟಿಗೂ ಹೆಚ್ಚು ಶಾಖ ಸತತವಾಗಿ ಹೊರಗೆ ಹೋಗುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪದ ಒಳ್ಳೆಯ ಫೋಮ್ ಹಾಕಿದರೆ ನಷ್ಟ 450 ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಮಲಗಿದ ಒಬ್ಬ ಮನುಷ್ಯನ ಮೈ 70ರಿಂದ 80 ವ್ಯಾಟ್ ಶಾಖ ಕೊಡುತ್ತದೆ. ಇಬ್ಬರಿದ್ದರೆ ಈ ನಷ್ಟದ ಮೂರನೇ ಒಂದು ಪಾಲನ್ನು ಅವರ ಮೈಬಿಸಿಯೇ ತುಂಬಿಕೊಡುತ್ತದೆ. ಉಳಿದದ್ದಕ್ಕೆ ಬೇಕಾದ ಬೆಂಕಿ ನಿಜಕ್ಕೂ ಚಿಕ್ಕದು.

ತೊಡಕು ಬರುವುದು ನೀರಿನಿಂದ. ಮರುಭೂಮಿಯಲ್ಲಿ ನೀರೇ ಹೆಚ್ಚಾಗಿ ಕಾಡುತ್ತದೆ ಎಂದರೆ ನಂಬಲು ಕಷ್ಟ, ಲೆಕ್ಕ ನೋಡಿ. ಉಸಿರಿನಿಂದ, ಬೆವರಿಲ್ಲದಾಗಲೂ ಚರ್ಮದಿಂದ, ಒಬ್ಬ ವ್ಯಕ್ತಿ ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತಾನೆ. ಚಳಿಗಾಲದ ಉದ್ದನೆಯ ರಾತ್ರಿಯಲ್ಲಿ ಹತ್ತು ತಾಸು ಮುಚ್ಚಿಕೊಂಡು ಮಲಗಿದ ಇಬ್ಬರಿಂದ ಕನಿಷ್ಠ ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. 18 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲ ನೀರಾವಿ 15 ಗ್ರಾಂ ಮಾತ್ರ. ಏಳು ಘನ ಮೀಟರಿನ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 105 ಗ್ರಾಂ. ಉಳಿದ ನೀರು ಎಲ್ಲಿ ಹೋಗಬೇಕು? ಎಲ್ಲಿ ತಣ್ಣಗಿದೆಯೋ ಅಲ್ಲಿ ಇಳಿಯುತ್ತದೆ: ಕಿಟಕಿಯ ಗಾಜು, ತಗಡಿನ ಚೌಕಟ್ಟು, ತಿರುಪಿನ ತಲೆ, ಹಾಸಿಗೆಯ ಅಡಿಭಾಗ. ಒಳಗೆ ಹದವಾದ ತೇವವಿದ್ದರೂ 7 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯಾದರೂ ಒದ್ದೆಯಾಗುತ್ತದೆ. ಬರಿಯ ತಗಡಿನ ಒಳಮೈ 5 ಡಿಗ್ರಿಗೆ ಇಳಿದಿರುತ್ತದೆ. ಫೋಮ್ ಹಾಕಿದ ಗೋಡೆಯ ಒಳಮೈ 15–16 ಡಿಗ್ರಿಯಲ್ಲಿ ಒಣಗಿಯೇ ಇರುತ್ತದೆ. ಶಾಖ ಉಳಿಸುವಷ್ಟೇ ಮುಖ್ಯವಾದ ಇನ್ನೊಂದು ಕೆಲಸವನ್ನು ಫೋಮ್ ಮಾಡುವುದು ಇಲ್ಲಿ. ಒದ್ದೆಯಾದ ಹಾಸಿಗೆ, ಹೊದಿಕೆಗಳು ಬಿಸಿಯನ್ನು ಹಿಡಿದಿಡಲಾರವು. ನಾಲ್ಕು ರಾತ್ರಿ ಕಳೆಯುವಷ್ಟರಲ್ಲಿ ಬೂಷ್ಟು ಶುರುವಾಗುತ್ತದೆ.

ಇದೇ ಬಯಲಿನ ಬಿಲಗಳಲ್ಲಿ ವಾಸಿಸುವ ಕಾಂಗರೂ ಇಲಿಗೆ ಇದರ ತದ್ವಿರುದ್ಧ ಸಮಸ್ಯೆ. ಅದಕ್ಕೆ ಒಂದು ಹನಿಯನ್ನೂ ಕಳೆದುಕೊಳ್ಳುವ ಅನುಕೂಲವಿಲ್ಲ. ಶರೀರಕ್ರಿಯಾ ವಿಜ್ಞಾನಿ ಕ್ನುಟ್ ಶ್ಮಿಟ್-ನೀಲ್ಸನ್ ಅರಿಜೋನಾದಲ್ಲಿ ಈ ಪ್ರಾಣಿಯನ್ನು ಅಧ್ಯಯನ ಮಾಡಿ, ಅದು ನೀರನ್ನು ಕುಡಿಯದೆಯೇ ಬದುಕುವ ಗುಟ್ಟನ್ನು ಬಿಡಿಸಿಟ್ಟರು. ಒಣ ಬೀಜ ತಿನ್ನುವ ಇಲಿಯ ಒಡಲಲ್ಲಿ ಆ ಬೀಜದ ಹೈಡ್ರೋಜನ್ ಆಮ್ಲಜನಕದೊಂದಿಗೆ ಕೂಡಿ ನೀರಾಗುತ್ತದೆ. ಒಂದು ಗ್ರಾಂ ಕೊಬ್ಬು ಹೀಗೆ ಉರಿದರೆ ಒಂದು ಗ್ರಾಮಿಗೂ ತುಸು ಹೆಚ್ಚು ನೀರು. ಹೊರಬಿಡುವ ಉಸಿರನ್ನು ಅದರ ಮೂಗು ತಣ್ಣಗೆ ಮಾಡಿ, ಆವಿಯನ್ನು ಮತ್ತೆ ನೀರಾಗಿಸಿ ಒಳಗೇ ಉಳಿಸಿಕೊಳ್ಳುತ್ತದೆ. ಇಂಧನ ಉರಿದಾಗ ನೀರು ಹುಟ್ಟುತ್ತದೆ ಎಂಬ ಈ ರಸಾಯನ ವಿಜ್ಞಾನವೇ ಇಲಿಯ ಜೀವ ಕಾಯುತ್ತದೆ. ಕ್ಯಾಂಪರಿನೊಳಗೆ ಒಲೆ ಹಚ್ಚಿದವರನ್ನು ಅದೇ ಕಾಡುತ್ತದೆ.

ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಅಮೆರಿಕದಲ್ಲಿ ಸಿಲಿಂಡರಿನ ಅನಿಲ ಬಹುಪಾಲು ಪ್ರೊಪೇನೇ. ಮೈನಸ್ 42 ಡಿಗ್ರಿಯಲ್ಲೂ ಅದು ಕುದಿಯುವುದರಿಂದ ಎಂಥ ಚಳಿಯಲ್ಲೂ ಸಿಲಿಂಡರಿನಿಂದ ಹೊರಬರುತ್ತದೆ. ಬ್ಯೂಟೇನ್ ಆದರೆ ಸೊನ್ನೆಯ ಹತ್ತಿರವೇ ಆವಿಯಾಗಲು ನಿರಾಕರಿಸುತ್ತದೆ. ಇಡೀ ರಾತ್ರಿ ಪೆಟ್ಟಿಗೆ ಬೆಚ್ಚಗಿರಲಿ ಎಂದು ಹೊಗೆಗೊಳವೆ ಇಲ್ಲದ ಪ್ರೊಪೇನ್ ಹೀಟರನ್ನು ಒಳಗೆ ಉರಿಸಿದರೆ ಸುಮಾರು 400 ಗ್ರಾಂ ಅನಿಲ ಸುಟ್ಟು 600 ಗ್ರಾಂ ನೀರು ಸೇರುತ್ತದೆ. ಇಬ್ಬರು ಮಲಗಿದ ಕಡೆ ನಾಲ್ವರು ಮಲಗಿದಷ್ಟು ತೇವ. ಜೊತೆಗೆ ಆ ಬೆಂಕಿ ಉಣ್ಣುವುದು ಮಲಗಿದವರ ಪಾಲಿನ ಆಮ್ಲಜನಕವನ್ನು.

ಎರಡು ಗಾಳಿಗಳ ಯಂತ್ರ

ಇದಕ್ಕೆ ಉತ್ತರವಾಗಿ ಬಂದದ್ದು ಡೀಸೆಲ್ ಹೀಟರ್. ಜರ್ಮನಿಯ ವೆಬಾಸ್ಟೊ ಮತ್ತು ಎಬರ್‌ಸ್ಪೆಕರ್ ಕಂಪನಿಗಳು ಇದರಲ್ಲಿ ಹೆಸರು ಮಾಡಿದವು. ದೂರದೂರಿಗೆ ಸರಕು ಸಾಗಿಸುವ ಲಾರಿ ಚಾಲಕರು ರಾತ್ರಿ ಕ್ಯಾಬಿನ್ನಿನಲ್ಲಿ ಮಲಗುವಾಗ ಬಿಸಿಗಾಗಿ ಎಂಜಿನ್ನನ್ನೇ ಚಾಲೂ ಇಡುತ್ತಿದ್ದರು. ದೊಡ್ಡ ಲಾರಿಯ ಎಂಜಿನ್ ಹಾಗೆ ನಿಂತಲ್ಲೇ ಉರಿದರೆ ತಾಸಿಗೆ ಸುಮಾರು 3 ಲೀಟರ್ ಡೀಸೆಲ್ ಖರ್ಚು. ಕ್ಯಾಲಿಫೋರ್ನಿಯಾ ರಾಜ್ಯ 2008ರಿಂದ ಮಲಗುವ ಕ್ಯಾಬಿನ್ ಇರುವ ಲಾರಿಗಳಿಗೂ ಐದು ನಿಮಿಷಕ್ಕಿಂತ ಹೆಚ್ಚು ಎಂಜಿನ್ ಸುಮ್ಮನೆ ಓಡಿಸುವುದನ್ನು ನಿಷೇಧಿಸಿತು. ಡೀಸೆಲ್ ಹೀಟರ್ ಆ ಕೆಲಸವನ್ನು ಕಡಿಮೆ ಉರಿಯಲ್ಲಿ ತಾಸಿಗೆ 100 ಮಿಲಿಲೀಟರಿನಲ್ಲಿ ಮುಗಿಸುತ್ತದೆ, ಅಂದರೆ ಮೂವತ್ತರಲ್ಲಿ ಒಂದು ಪಾಲು ಇಂಧನದಲ್ಲಿ. ಲಾರಿಗಳಿಂದ ಅದು ಕ್ಯಾಂಪರುಗಳಿಗೆ ಇಳಿದು ಬಂತು. ಪೆಟ್ರೋಲ್ ಟ್ರಕ್ಕಿನವರು ಇದಕ್ಕಾಗಿಯೇ ಡೀಸೆಲಿನ ಒಂದು ಪುಟ್ಟ ಟ್ಯಾಂಕ್ ಇಟ್ಟುಕೊಳ್ಳುತ್ತಾರೆ.

ಇದರ ತತ್ತ್ವ ಮಲೆನಾಡಿನ ಮನೆಗಳ ಬಚ್ಚಲ ಹಂಡೆಯದ್ದು. ಉರಿ ಹಂಡೆಯ ಹೊರಗೆ, ನೀರು ಹಂಡೆಯ ಒಳಗೆ. ನಡುವಿನ ತಾಮ್ರದ ಮೈ ಶಾಖವನ್ನು ಮಾತ್ರ ದಾಟಿಸುತ್ತದೆ, ಹೊಗೆಯನ್ನು ದಾಟಿಸುವುದಿಲ್ಲ. ಹೀಟರಿನಲ್ಲಿ ತಾಮ್ರದ ಬದಲು ಎರಕ ಹೊಯ್ದ, ರೆಕ್ಕೆರೆಕ್ಕೆಯಾದ ಅಲ್ಯುಮಿನಿಯಂ ಕೋಶವಿದೆ. ನೀರಿನ ಬದಲು ಗಾಳಿ. ಕೋಶದ ಒಳಗೆ ಉರಿಯುವ ಜ್ವಾಲೆಗೆ ಟ್ರಕ್ಕಿನ ಅಡಿಯಿಂದ ಒಂದು ಕೊಳವೆ ಗಾಳಿ ತರುತ್ತದೆ, ಇನ್ನೊಂದು ಕೊಳವೆ ಹೊಗೆಯನ್ನು ಅಡಿಯಿಂದಲೇ ಹೊರಗೆ ಬಿಡುತ್ತದೆ. ಕೋಶದ ಹೊರಗಿನ ರೆಕ್ಕೆಗಳ ಮೇಲೆ ಕೋಣೆಯ ಗಾಳಿ ಹರಿದು ಬಿಸಿಯಾಗಿ ಮರಳುತ್ತದೆ. ಒಂದೇ ಮೋಟರಿನ ಎರಡು ಕಡೆ ಎರಡು ಫ್ಯಾನ್: ಒಂದು ಬೆಂಕಿಗೆ ಗಾಳಿ ಊದುತ್ತದೆ, ಇನ್ನೊಂದು ಮನುಷ್ಯರಿಗೆ. ಎರಡು ಗಾಳಿಗಳೂ ಕೆಲವೇ ಮಿಲಿಮೀಟರ್ ಲೋಹದ ಆಚೀಚೆ ಹರಿಯುತ್ತವೆ, ಎಲ್ಲೂ ಬೆರೆಯುವುದಿಲ್ಲ. ಡೀಸೆಲ್ ಉರಿದು ಹುಟ್ಟಿದ ನೀರೂ ವಿಷಾನಿಲವೂ ಹೊರಗೇ ಹೋಗುತ್ತವೆ. ಕ್ಯಾಂಪರುಗಳ ಜೊತೆಗೇ ಬರುವ ಪ್ರೊಪೇನ್ ಫರ್ನೇಸುಗಳಲ್ಲೂ ಇದೇ ಏರ್ಪಾಡು ಇರುತ್ತದೆ.

ಸ್ವಿಚ್ ಒತ್ತಿದರೆ ಮೊದಲು ಗ್ಲೋ ಪ್ಲಗ್ ಕೆಂಪಗೆ ಕಾಯುತ್ತದೆ. ಮೊದಲ ಕೆಲವು ನಿಮಿಷ 12 ವೋಲ್ಟ್ ಬ್ಯಾಟರಿಯಿಂದ 8–10 ಆಂಪಿಯರ್ ಎಳೆದುಕೊಳ್ಳುವ ಹಂತ ಇದು. ಆಮೇಲೆ ಒಂದು ಪುಟ್ಟ ಪಂಪು ಟಿಕ್ ಟಿಕ್ ಎನ್ನುತ್ತ ಡೀಸೆಲ್ ಕಳಿಸತೊಡಗುತ್ತದೆ. ಪ್ರತಿ ಟಿಕ್ಕಿಗೆ ಮಿಲಿಲೀಟರಿನ ಐವತ್ತನೇ ಒಂದು ಭಾಗದಷ್ಟು. ಡೀಸೆಲ್ ಒಂದು ಲೋಹದ ಜಾಲರಿಯಲ್ಲಿ ಹರಡಿ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಜ್ವಾಲೆ ನಿಂತಿತೆಂದು ಸೆನ್ಸರ್ ಹೇಳಿದೊಡನೆ ಗ್ಲೋ ಪ್ಲಗ್ ಆರುತ್ತದೆ. ಅಲ್ಲಿಂದ ಬೇಕಾಗುವ ವಿದ್ಯುತ್ತು ಒಂದೆರಡು ಆಂಪಿಯರ್ ಅಷ್ಟೆ. ಟಿಕ್ಕಿನ ವೇಗ ಹೆಚ್ಚಿಸಿದರೆ ಉರಿ ಹೆಚ್ಚು, ತಗ್ಗಿಸಿದರೆ ಕಡಿಮೆ. ಆರಿಸಿದ ಮೇಲೂ ಫ್ಯಾನ್ ಕೆಲವು ನಿಮಿಷ ತಿರುಗುತ್ತ ಕೋಶವನ್ನು ತಣ್ಣಗೆ ಮಾಡುತ್ತದೆ. ಅಷ್ಟರೊಳಗೆ ಬ್ಯಾಟರಿಯ ತಂತಿ ಕಿತ್ತರೆ ಒಳಗೆ ಸಿಕ್ಕಿಬಿದ್ದ ಬಿಸಿ ಯಂತ್ರವನ್ನೇ ಹಾಳುಮಾಡುತ್ತದೆ.

ಇದಕ್ಕೂ ಕೆಲವು ಕಟ್ಟುಪಾಡುಗಳಿವೆ. ಪುಟ್ಟ ಪೆಟ್ಟಿಗೆಗೆ 5 ಕಿಲೋವ್ಯಾಟಿನ ದೊಡ್ಡ ಹೀಟರ್ ಹಾಕಿದರೆ ಅದು ಸದಾ ಕುಂಟುರಿಯಲ್ಲೇ ಉರಿಯಬೇಕಾಗುತ್ತದೆ. ಅರೆಬೆಂದ ಡೀಸೆಲ್ ಮಸಿಯಾಗಿ ಕೋಶವನ್ನು ತುಂಬುತ್ತದೆ. ನಮ್ಮ ಲೆಕ್ಕದ ಪೆಟ್ಟಿಗೆಗೆ 2 ಕಿಲೋವ್ಯಾಟಿನದೇ ಧಾರಾಳ. ಅದನ್ನೂ ಆಗಾಗ ಇಪ್ಪತ್ತು ನಿಮಿಷ ಪೂರ್ತಿ ಉರಿಯಲ್ಲಿ ಓಡಿಸಿ ಮಸಿ ಸುಡಬೇಕು. ಯೂಟಾ, ನೆವಾಡಾಗಳ ಎಷ್ಟೋ ಮರುಭೂಮಿಗಳು 1500 ಮೀಟರಿಗಿಂತ ಎತ್ತರದಲ್ಲಿವೆ; ಅಲ್ಲಿ ಗಾಳಿ ತೆಳು. ಅದೇ ಪ್ರಮಾಣದ ಡೀಸೆಲಿಗೆ ಆಮ್ಲಜನಕ ಸಾಲದೆ ಮತ್ತೆ ಮಸಿ. ಎತ್ತರಕ್ಕೆ ತಕ್ಕಂತೆ ಡೀಸೆಲ್ ತಗ್ಗಿಸುವ ಏರ್ಪಾಡು ಬೇಕು. ಬೆಚ್ಚಗಿನ ಊರಿನಲ್ಲಿ ತುಂಬಿಸಿಕೊಂಡ ಡೀಸೆಲ್ ಕೊರೆಯುವ ಚಳಿಯಲ್ಲಿ ಮೇಣ ಕಟ್ಟಿ ಕೊಳವೆಯನ್ನು ಮುಚ್ಚುವುದೂ ಉಂಟು.

ಕಿಟಕಿಯ ಬೆಲೆ

ಹೀಟರ್ ಹೊಸ ನೀರನ್ನು ಸೇರಿಸುವುದಿಲ್ಲ, ಸರಿ. ಇಬ್ಬರ ಉಸಿರಿನ ಅರ್ಧ ಲೀಟರ್? ಅದಕ್ಕೆ ಮರುಭೂಮಿಯೇ ಪರಿಹಾರ ಇಟ್ಟಿದೆ. ಹೊರಗಿನ ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಘನ ಮೀಟರಿಗೆ ಹೆಚ್ಚಾಗಿ ಎರಡೂವರೆ ಗ್ರಾಮಿನ ಆಸುಪಾಸು ನೀರಾವಿ ಇರುತ್ತದೆ. ಅದು ಒಳಗೆ ಬಂದು 18 ಡಿಗ್ರಿಗೆ ಕಾದರೆ ಅತಿ ಒಣ ಗಾಳಿಯಾಗುತ್ತದೆ, ತೇವವನ್ನು ಹೀರುತ್ತದೆ. ಹೊರಗೆ ಹೋಗುವಾಗ ಪ್ರತಿ ಘನ ಮೀಟರ್ ಸುಮಾರು 5 ಗ್ರಾಂ ನೀರನ್ನು ಹೊತ್ತೊಯ್ಯುತ್ತದೆ. ತಾಸಿಗೆ 50 ಗ್ರಾಂ ನೀರು ಹೊರಹಾಕಲು 10 ಘನ ಮೀಟರ್ ಗಾಳಿ ಬದಲಾದರೆ ಸಾಕು. ಚಾವಣಿಯ ಕಿಂಡಿಯನ್ನು ಬೆರಳಗಲ ತೆರೆದು, ಕೆಳಗಿನ ಒಂದು ಕಿಟಕಿಯನ್ನು ತುಸು ಸರಿಸಿಟ್ಟರೆ ಆಗುವ ಕೆಲಸ.

ಅದರಿಂದ ಬಿಸಿ ಎಷ್ಟು ಸೋರುತ್ತದೆ? ಅಷ್ಟು ಗಾಳಿಯನ್ನು 18 ಡಿಗ್ರಿ ಕಾಯಿಸಲು ಬೇಕಾದದ್ದು 60–65 ವ್ಯಾಟ್. ಮಲಗಿದ ಒಬ್ಬರ ಮೈಬಿಸಿಗಿಂತಲೂ ಕಡಿಮೆ. ಈ ಒಂದು ಸಂಖ್ಯೆಯನ್ನು ಮನಸ್ಸಿಗೆ ತಂದುಕೊಳ್ಳದವರು ಚಳಿಗೆ ಹೆದರಿ ಎಲ್ಲ ಕಿಂಡಿಗಳನ್ನೂ ಮುಚ್ಚಿ, ಬೆಳಗಾಗುವ ಹೊತ್ತಿಗೆ ಒದ್ದೆ ಹಾಸಿಗೆಯಲ್ಲಿ ನಡುಗುತ್ತಾರೆ.

ಹೀಟರ್ ನಡೆಸುವ ಬ್ಯಾಟರಿಯನ್ನು ತುಂಬುವ ಬಿಸಿಲಿನ ಲೆಕ್ಕವೂ ಚಳಿಗಾಲದಲ್ಲಿ ಬದಲಾಗುತ್ತದೆ. ಕ್ವಾರ್ಟ್‌ಸೈಟಿನಲ್ಲಿ ಡಿಸೆಂಬರ್ ಕೊನೆಯ ನಡುಹಗಲಲ್ಲೂ ಸೂರ್ಯ ದಿಗಂತದಿಂದ 33 ಡಿಗ್ರಿ ಮಾತ್ರ ಮೇಲೇರುತ್ತಾನೆ. ಚಾವಣಿಯ ಮೇಲೆ ಮಲಗಿಸಿದ ಸೌರಫಲಕಕ್ಕೆ ಸಿಗುವುದು ನೇರ ಬಿಸಿಲಿನ ಅರ್ಧದಷ್ಟು. ದಕ್ಷಿಣಕ್ಕೆ ಓರೆ ನಿಲ್ಲಿಸಿದರೆ ಪೂರ್ತಿ. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದಾದರೆ ಇನ್ನೊಂದು ಎಚ್ಚರ ಬೇಕು. ಸೊನ್ನೆಗಿಂತ ಕೆಳಗೆ ಅದರಿಂದ ವಿದ್ಯುತ್ ತೆಗೆಯಬಹುದು, ತುಂಬುವಂತಿಲ್ಲ. ತುಂಬಿದರೆ ಲಿಥಿಯಂ ಗ್ರ್ಯಾಫೈಟಿನೊಳಗೆ ಸೇರದೆ ಅದರ ಮೇಲೆ ಲೋಹವಾಗಿ ಕೂತು ಬ್ಯಾಟರಿಯನ್ನು ಕೆಡಿಸುತ್ತದೆ. ಕೊರೆದುಹೋದ ಬ್ಯಾಟರಿಯ ಮೇಲೆ ಬೆಳಗಿನ ಮೊದಲ ಬಿಸಿಲು ವಿದ್ಯುತ್ ಸುರಿಯುವ ಹೊತ್ತೇ ಅಪಾಯದ ಹೊತ್ತು. ಒಳ್ಳೆಯ ಬ್ಯಾಟರಿಗಳಲ್ಲಿ ಅದನ್ನು ತಡೆಯುವ ಎಲೆಕ್ಟ್ರಾನಿಕ್ ಕಾವಲು ಇರುತ್ತದೆ. ಅದರ ಮೇಲೂ, ಬ್ಯಾಟರಿಯನ್ನು ಜನ ಮಲಗುವ ಬೆಚ್ಚನೆಯ ಜಾಗದೊಳಗೇ ಇಡುವುದು ಜಾಣತನ.

ಟ್ರಕ್ಕನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೂ ಕಾರಣವಿದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಮರಳು ತುಂಬಿದ ಒಣ ಹಳ್ಳದ ಪಾತ್ರ ಸಮತಟ್ಟಾಗಿ, ಗಾಳಿಮರೆಯಾಗಿ ಕಾಣುತ್ತದೆ. ರಾತ್ರಿ ಅತಿ ಚಳಿಯ ಜಾಗ ಅದೇ. ದೂರದ ಬೆಟ್ಟದಲ್ಲಿ ಮಳೆಯಾದರೆ ಹಠಾತ್ ಪ್ರವಾಹ ನುಗ್ಗುವುದೂ ಅಲ್ಲಿಯೇ. ಹಳ್ಳಕ್ಕಿಂತ ಒಂದಿಷ್ಟು ಮೇಲೆ, ಪೂರ್ವದ ಬಿಸಿಲು ಬೇಗ ಬೀಳುವ ದಿಬ್ಬದ ಮೈ ಎರಡು ಕಾರಣಕ್ಕೂ ವಾಸಿ. ಹೀಟರಿನ ಹೊಗೆಗೊಳವೆಯ ಬಾಯಿ ಕಿಟಕಿಯ ಕೆಳಗೆ ಬಾರದಂತೆ, ಒಣಹುಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು.

ಮುಚ್ಚಿದ ಕೋಣೆಯ ಪಾಠ

ಇಷ್ಟೆಲ್ಲ ಎಚ್ಚರದ ಹಿಂದೆ ಕಾರ್ಬನ್ ಮಾನಾಕ್ಸೈಡ್ ಇದೆ. ಆಮ್ಲಜನಕ ಸಾಲದೆ ಉರಿಯುವ ಯಾವ ಬೆಂಕಿಯಾದರೂ ಅದನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ ಬಂದು ಸುಳಿವು ಸಿಗಬಹುದು. ನಿದ್ದೆಯಲ್ಲಿದ್ದವರು ಏಳದೇ ಹೋಗಬಹುದು. ಒಳಗೇ ಉರಿಯುವ ಹಲವು ಪ್ರೊಪೇನ್ ಹೀಟರುಗಳಲ್ಲಿ ಆಮ್ಲಜನಕ ಶೇ 18ರ ಸುತ್ತಮುತ್ತ ಇಳಿದರೆ ಆರಿಸುವ ಸುರಕ್ಷಾ ಸಾಧನವಿದೆ. ಅದು ಆಮ್ಲಜನಕವನ್ನು ಗಮನಿಸುತ್ತದೆಯೇ ಹೊರತು ಮಾನಾಕ್ಸೈಡನ್ನಲ್ಲ. ಆದ್ದರಿಂದ ಡೀಸೆಲ್ ಹೀಟರ್ ಇದ್ದವರೂ ಮಲಗುವ ಜಾಗದ ಹತ್ತಿರ ಮಾನಾಕ್ಸೈಡ್ ಅಲಾರಂ ಇಟ್ಟುಕೊಳ್ಳಲೇಬೇಕು. ಕೋಶ ಸೀಳಬಹುದು, ಕೊಳವೆಯ ಜೋಡಣೆ ಸಡಿಲವಾಗಬಹುದು.

ಇದನ್ನು ಅರಿಜೋನಾದವರ ಚಿಂತೆ ಎಂದು ಬಿಟ್ಟುಬಿಡುವಂತಿಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಬಾಗಿಲು ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆಯ ಪಕ್ಕ ಮಲಗಿದವರು ಸಾಯುತ್ತಾರೆ. ಬೆಂಗಳೂರಿನಲ್ಲಿ, ಗಾಳಿಯಾಡದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದ ಎಳೆಯರು ಜೀವ ಕಳೆದುಕೊಂಡಿದ್ದಾರೆ. ಆ ಬಚ್ಚಲೂ ಆರೇಳು ಘನ ಮೀಟರಿನ ಪೆಟ್ಟಿಗೆಯೇ. ಅಲ್ಲಿಯೂ ಬೆಂಕಿ ಮತ್ತು ಮನುಷ್ಯ ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತಾರೆ. ಬೆಂಕಿಯ ಗಾಳಿಯನ್ನೂ ಉಸಿರಿನ ಗಾಳಿಯನ್ನೂ ಬೇರೆಯಾಗಿಡುವ ಕೆಲಸವನ್ನು ಒಂದು ಟ್ರಕ್ಕಿನ ಹೀಟರ್ ಮಾಡುತ್ತದೆ ಎಂದಾದರೆ, ನಮ್ಮ ಮನೆಗಳಲ್ಲೂ ಅದು ಸಾಧ್ಯ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ, ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತನ್ನಿ. ಈಗಾಗಲೇ ಒಳಗಿದ್ದರೆ, ಅದನ್ನು ಸ್ಥಳಾಂತರಿಸುವವರೆಗೆ, ಬಕೆಟ್ ತುಂಬಿಸಿಕೊಂಡು ಗೀಸರ್ ಆರಿಸಿ, ಕಿಟಕಿ ತೆರೆದಿಟ್ಟು, ಒಳಗಿನ ಗಾಳಿ ಹೊರಹೋಗಲು ಬಿಟ್ಟ ಮೇಲೆಯೇ ಮಕ್ಕಳನ್ನು ಸ್ನಾನಕ್ಕೆ ಕಳಿಸಿ.